ಮುಖಪುಟ ನೋಡುವ ಬಗೆ: ಚಿತ್ರಕ್ಕಿಂತ ಮೊದಲು ಅಕ್ಷರ

ಪುಸ್ತಕ ಅಚ್ಚಿಗೆ ಹೋಗುವ ಮೊದಲು ಲೇಖಕರು ಎರಡು ಮೂರು ಮುಖಪುಟಗಳನ್ನು ಫೇಸ್‌ಬುಕ್ಕಿಗೋ ವಾಟ್ಸಾಪ್ ಗುಂಪಿಗೋ ಹಾಕಿ ‘ಯಾವುದಿರಲಿ?’ ಎಂದು ಕೇಳುವುದು ಈಗ ವಾಡಿಕೆಯಾಗಿದೆ. ‘ಎರಡನೆಯದು ಸೂಪರ್’, ‘ಮೊದಲನೆಯದೇ ಇರಲಿ ಸರ್’ ಎಂದು ಸಾಲುಸಾಲಾಗಿ ಉತ್ತರ ಬರುತ್ತವೆ. ಯಾಕೆ ಎಂದು ಹೇಳುವವರು ಕಡಿಮೆ. ಕಣ್ಣಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಅದನ್ನು ಹೇಳುವ ಮಾತು ಸಿಗುವುದಿಲ್ಲ. ಇನ್ನೊಂದು ಕಡೆ ಎಐ ಚಿತ್ರಗಳು ಬಂದು, ಕಲಾವಿದರಿಲ್ಲದೆಯೂ ಹತ್ತು ನಿಮಿಷದಲ್ಲಿ ಮುಖಪುಟ ತಯಾರಾಗುವ ಕಾಲ ಬಂದಿದೆ. ಪುಸ್ತಕ ಕೊಳ್ಳುವವರಿಗೂ ಅಂಗಡಿಯಲ್ಲಿ ಪುಟ ತಿರುವುವುದಕ್ಕಿಂತ ಮೊದಲು ಫೋನಿನಲ್ಲಿ ಹೆಬ್ಬೆರಳಗಲದ ಒಂದು ಚಿತ್ರ ಕಾಣುತ್ತದೆ. ಹಾಗಾಗಿ ಮುಖಪುಟವನ್ನು ತೂಗಿ ನೋಡುವುದು ಕಲಾವಿದರಿಗೆ ಮಾತ್ರ ಸೇರಿದ ಕೆಲಸವಾಗಿ ಉಳಿದಿಲ್ಲ.

ಇದನ್ನು ಕಲಿಯಲು ಅಂಗಡಿಗಿಂತ ಮನೆಯ ಕಪಾಟು ಒಳ್ಳೆಯದು. ಅಲ್ಲಿರುವುದು ಓದಿ ಮುಗಿಸಿದ ಪುಸ್ತಕಗಳು. ಒಳಗೇನಿದೆ ಎಂದು ಗೊತ್ತಿರುವುದರಿಂದ ಹೊರಗಿನದು ಅದಕ್ಕೆ ಒಪ್ಪುತ್ತದೆಯೇ ಎಂದು ಹೇಳಬಹುದು. ಜೊತೆಗೆ ಅವು ಹತ್ತಾರು ಮಳೆಗಾಲ ಕಂಡಿರುತ್ತವೆ. ಬಿಸಿಲು, ತೇವ, ಕೈಬೆವರು ತಾಗಿದ ಮೇಲೆ ಮುಖಪುಟ ಹೇಗೆ ಉಳಿದಿದೆ ಎಂಬುದನ್ನು ಅಂಗಡಿಯ ಹೊಸ ಪ್ರತಿ ತೋರಿಸಲಾರದು.

ಮುಂದೆ, ಬೆನ್ನು, ಹಿಂದೆ: ಎಲ್ಲ ಒಂದೇ ಹಾಳೆ

ನಾವು ಮುಖಪುಟ ಎನ್ನುವಾಗ ಎದುರಿನ ಪುಟವನ್ನಷ್ಟೇ ನೆನೆಯುತ್ತೇವೆ. ಅಚ್ಚುಮನೆಗೆ ಅದು ಒಂದೇ ಹಾಳೆ: ಬಲಕ್ಕೆ ಮುಂದಿನ ಪುಟ, ನಡುವೆ ಬೆನ್ನು, ಎಡಕ್ಕೆ ಹಿಂದಿನ ಪುಟ. ಪೇಪರ್‌ಬ್ಯಾಕ್ ಪುಸ್ತಕಗಳಲ್ಲಿ ಇದು ಸಾಮಾನ್ಯವಾಗಿ 250ರಿಂದ 300 ಜಿಎಸ್‌ಎಂ ಆರ್ಟ್ ಬೋರ್ಡ್ ಎಂಬ ನುಣುಪಾದ ದಪ್ಪ ಕಾಗದ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಒಳಪುಟ 70 ಜಿಎಸ್‌ಎಂ ಇದ್ದರೆ ಮುಖಪುಟ ಅದರ ನಾಲ್ಕು ಪಟ್ಟು ತೂಕದ್ದು. ಗಟ್ಟಿ ರಟ್ಟಿನ ಪುಸ್ತಕಕ್ಕಾದರೆ ರಟ್ಟಿನ ಮೇಲೆ ಬಿಡಿಯಾಗಿ ಒಂದು ಹಾಳೆ ಹೊದಿಸಿರುತ್ತಾರೆ. ಅದು ರಕ್ಷಾಪುಟ ಅಥವಾ ಜಾಕೆಟ್. ಅದರ ಎರಡು ತುದಿಗಳು ರಟ್ಟಿನ ಒಳಕ್ಕೆ ಮಡಚಿಕೊಂಡಿರುತ್ತವೆ.

ಅಳತೆಯೂ ಗೊತ್ತಿರಲಿ. ಕನ್ನಡ ಪುಸ್ತಕಗಳಲ್ಲಿ ಹೆಚ್ಚಿನವು 1/8 ಡೆಮಿ, ಅದಕ್ಕಿಂತ ಚಿಕ್ಕವು 1/8 ಕ್ರೌನ್. ಡೆಮಿ ಎಂಬುದು 17.5 x 22.5 ಇಂಚಿನ ಪೂರ್ತಿ ಹಾಳೆ. ಅದನ್ನು ಮೂರು ಸಲ ಮಡಚಿದರೆ ಎಂಟು ಎಲೆ ಸಿಗುತ್ತವೆ, ಅಂಚು ಕತ್ತರಿಸಿದ ಮೇಲೆ ಪುಸ್ತಕ ಸುಮಾರು 5.5 x 8.5 ಇಂಚು ನಿಲ್ಲುತ್ತದೆ. ಕ್ರೌನ್ ಹಾಳೆ 15 x 20 ಇಂಚು, ಅದರ ಪುಸ್ತಕ ಸುಮಾರು 4.75 x 7.25 ಇಂಚು.

ಈ ಮಾಹಿತಿಯೆಲ್ಲ ಪುಸ್ತಕದ ಶೀರ್ಷಿಕೆಪುಟದ ಹಿಂಬದಿಯಲ್ಲಿ ಅಚ್ಚಾಗಿರುತ್ತದೆ. ‘ಬಳಸಿದ ಕಾಗದ: 70 ಜಿಎಸ್‌ಎಂ ಎನ್.ಎಸ್. ಮ್ಯಾಪ್‌ಲಿಥೊ’, ‘1/8 ಡೆಮಿ’, ‘ಮುಖಪುಟ ವಿನ್ಯಾಸ: ಇಂಥವರು’. ಎನ್.ಎಸ್. ಮ್ಯಾಪ್‌ಲಿಥೊ ಎಂದರೆ ಒಳಪುಟಕ್ಕೆ ಬಳಸುವ, ಸಹಜ ಬಣ್ಣದ ಒಂದು ಬಗೆಯ ಕಾಗದ. ಟೀಕೆ ಬರೆಯುವ ಮೊದಲು ಆ ಪುಟ ಓದಬೇಕು, ಯಾಕೆಂದರೆ ಚಿತ್ರ ಬರೆದವರೂ ವಿನ್ಯಾಸ ಮಾಡಿದವರೂ ಎಷ್ಟೋ ಸಲ ಬೇರೆ ಬೇರೆ. ಚಿತ್ರ ಎಂದರೆ ಕಲಾವಿದರು ಬರೆದುಕೊಟ್ಟ ಕೃತಿ. ವಿನ್ಯಾಸ ಎಂದರೆ ಆ ಚಿತ್ರ, ಶೀರ್ಷಿಕೆ, ಲೇಖಕರ ಹೆಸರು, ಪ್ರಕಾಶನದ ಚಿಹ್ನೆ, ಖಾಲಿ ಜಾಗ ಎಲ್ಲವನ್ನೂ ಹೊಂದಿಸಿದ್ದು. ಕನ್ನಡ ಪುಸ್ತಕ ಪ್ರಾಧಿಕಾರ ಕೊಡುವ ‘ಪುಸ್ತಕ ಸೊಗಸು’ ಬಹುಮಾನಗಳ ಪಟ್ಟಿಯಲ್ಲೂ ಮುಖಪುಟ ಚಿತ್ರಕಲೆ, ಮುಖಪುಟ ಚಿತ್ರ ವಿನ್ಯಾಸ, ಮುದ್ರಣ ಸೊಗಸು ಬೇರೆ ಬೇರೆಯಾಗಿಯೇ ಇವೆ. ಒಳ್ಳೆಯ ಚಿತ್ರವಿದ್ದೂ ಕೆಟ್ಟ ಮುಖಪುಟವಾಗಬಹುದು, ಚಿತ್ರವೇ ಇಲ್ಲದೆ ಒಳ್ಳೆಯ ಮುಖಪುಟವಾಗಬಹುದು.

ಮೂರು ದೂರದಿಂದ

ಕಪಾಟಿನಿಂದ ಐದಾರು ಪುಸ್ತಕ ತೆಗೆದು ಗೋಡೆಗೆ ಒರಗಿಸಿ ನಿಲ್ಲಿಸಿ. ಎಂಟು ಅಡಿ ಹಿಂದೆ ಸರಿಯಿರಿ. ಪುಸ್ತಕದ ಮಳಿಗೆಯಲ್ಲಿ ನಡೆದು ಹೋಗುವವರಿಗೆ ಕಾಣುವುದು ಇಷ್ಟೇ. ಈ ದೂರದಲ್ಲಿ ಚಿತ್ರದ ಸೂಕ್ಷ್ಮಗಳು ಅಳಿಸಿ, ಒಂದೆರಡು ದೊಡ್ಡ ಬಣ್ಣ ಮತ್ತು ಶೀರ್ಷಿಕೆಯ ಆಕಾರ ಮಾತ್ರ ಉಳಿಯುತ್ತವೆ. ಶೀರ್ಷಿಕೆ ಓದಲು ಬಂದರೆ ಆ ಪುಸ್ತಕ ಮೊದಲ ಪರೀಕ್ಷೆ ದಾಟಿತು.

ಎರಡನೆಯದು ಕೈಯಳತೆಯ ದೂರ. ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಲ್ಲಿಂದ ಎಲ್ಲಿಗೆ ಸರಿಯಿತು ಎಂದು ಗಮನಿಸಿ. ಶೀರ್ಷಿಕೆ, ಚಿತ್ರ, ಲೇಖಕರ ಹೆಸರು ಈ ಮೂರರಲ್ಲಿ ಒಂದು ಮುಂದಾಳಾಗಬೇಕು. ಮೂರೂ ಒಂದೇ ಗಾತ್ರದಲ್ಲಿ, ಒಂದೇ ಗಾಢ ಬಣ್ಣದಲ್ಲಿದ್ದರೆ ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದ ಹಾಗೆ. ಸಂಪಾದಿತ ಗ್ರಂಥಗಳಲ್ಲಿ ಈ ತೊಂದರೆ ಹೆಚ್ಚು: ಪ್ರಧಾನ ಸಂಪಾದಕರು, ಸಂಪಾದಕರು, ಸಹಸಂಪಾದಕರು, ಪ್ರತಿ ಹೆಸರಿಗೂ ಒಂದು ‘ಡಾ.’, ಅದರ ಮೇಲೆ ಸಂಸ್ಥೆಯ ಹೆಸರು, ಲಾಂಛನ. ಮುಂದಿನ ಪುಟದಲ್ಲಿ ಎರಡಕ್ಕಿಂತ ಹೆಚ್ಚು ಹೆಸರಿದ್ದರೆ ಉಳಿದವನ್ನು ಒಳಗಿನ ಶೀರ್ಷಿಕೆಪುಟಕ್ಕೆ ಕಳಿಸುವುದು ಒಳ್ಳೆಯದು.

ಮೂರನೆಯದು ಫೋನಿನ ಪರೀಕ್ಷೆ. ಮುಖಪುಟದ ಫೋಟೊ ತೆಗೆದು, ಪರದೆಯ ಮೇಲೆ ಅದು 2 ಸೆಂಟಿಮೀಟರ್ ಅಗಲ ಕಾಣುವಷ್ಟು ಕುಗ್ಗಿಸಿ. ಡೆಮಿ ಪುಸ್ತಕದ ಅಗಲ ಸುಮಾರು 14 ಸೆಂ.ಮೀ. ಆದ್ದರಿಂದ ಎಲ್ಲವೂ ಏಳನೇ ಒಂದು ಪಾಲಾಗುತ್ತದೆ. ಪುಸ್ತಕದ ಮೇಲೆ 14 ಮಿ.ಮೀ. ಎತ್ತರವಿದ್ದ ಅಕ್ಷರ 2 ಮಿ.ಮೀ.ಗೆ ಇಳಿಯುತ್ತದೆ, ಹೇಗೋ ಓದಬಹುದು. 7 ಮಿ.ಮೀ. ಇದ್ದದ್ದು 1 ಮಿ.ಮೀ. ಆಗಿ ಚುಕ್ಕೆಗಳ ಸಾಲಾಗುತ್ತದೆ. ಅದೇ ಫೋಟೊವನ್ನು ಕಪ್ಪು ಬಿಳುಪಿಗೆ ಬದಲಿಸಿದರೆ ಇನ್ನೊಂದು ಗುಟ್ಟು ತಿಳಿಯುತ್ತದೆ. ಹಸಿರು ಹಿನ್ನೆಲೆಯ ಮೇಲೆ ಕೆಂಪು ಶೀರ್ಷಿಕೆ ಬಣ್ಣದಲ್ಲಿ ಎದ್ದು ಕಂಡರೂ ಎರಡರ ಗಾಢತೆ ಒಂದೇ ಇದ್ದರೆ ಕಪ್ಪು ಬಿಳುಪಿನಲ್ಲಿ ಶೀರ್ಷಿಕೆ ಮಾಯವಾಗುತ್ತದೆ. ಮಂದ ಬೆಳಕಿನಲ್ಲಿ ನೋಡುವವರಿಗೆ, ಕೆಂಪು ಹಸಿರು ಬೇರ್ಪಡಿಸಿ ಕಾಣದವರಿಗೆ ಅದು ಮೊದಲಿಂದಲೂ ಮಾಯವೇ.

ಕನ್ನಡದ ಅಕ್ಷರ ಕೇಳುವ ಜಾಗ

ಕನ್ನಡ ಮುಖಪುಟಗಳ ಗುಣದೋಷಗಳಲ್ಲಿ ಹೆಚ್ಚಿನ ಪಾಲು ಅಕ್ಷರದಲ್ಲಿದೆ. ಚಿತ್ರದ ಬಗ್ಗೆ ಮಾತಾಡುವುದು ಸುಲಭ, ಆದ್ದರಿಂದ ಎಲ್ಲರೂ ಅಲ್ಲಿಂದ ಶುರುಮಾಡುತ್ತಾರೆ. ಆದರೆ ಪುಸ್ತಕದ ಹೆಸರು ಹೇಳುವುದು ಅಕ್ಷರ.

ಇಂಗ್ಲಿಷ್ ಶೀರ್ಷಿಕೆಯನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆದರೆ ಇಟ್ಟಿಗೆ ಜೋಡಿಸಿದಂತೆ ಮೇಲೂ ಕೆಳಗೂ ಸಮನಾದ ಪಟ್ಟಿಯಾಗುತ್ತದೆ. ಕನ್ನಡದಲ್ಲಿ ಹಾಗಾಗದು. ಮೇಲೆ ಗುಡಿಸು ಏರುತ್ತದೆ, ಬಲಕ್ಕೆ ದೀರ್ಘ ಚಾಚುತ್ತದೆ, ಕೆಳಗೆ ಒತ್ತಕ್ಷರ ಇಳಿಯುತ್ತದೆ. ‘ಮರ’ ಎಂಬ ಪದ ಒಂದೇ ಅಂತಸ್ತಿನ ಮನೆ. ‘ಸ್ತ್ರೀ’ ಎಂದು ಬರೆದರೆ ಒಂದೇ ಅಕ್ಷರಕ್ಕೆ ಕೆಳಗೆ ಎರಡು ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಇಷ್ಟಕ್ಕೂ ಜಾಗ ಬಿಡಬೇಕಾದ್ದರಿಂದ ಕನ್ನಡ ಫಾಂಟುಗಳಲ್ಲಿ ಮೂಲ ಅಕ್ಷರವನ್ನು ಚಿಕ್ಕದಾಗಿಯೇ ಕೂರಿಸಿರುತ್ತಾರೆ. 48 ಪಾಯಿಂಟಿನ ಇಂಗ್ಲಿಷ್ ಶೀರ್ಷಿಕೆಯ ಪಕ್ಕ 48 ಪಾಯಿಂಟಿನ ಕನ್ನಡ ಸಣ್ಣದಾಗಿ ಕಾಣುವುದು ಇದರಿಂದಲೇ. ಗಾತ್ರದ ಅಂಕಿಯನ್ನು ನಂಬದೆ ಸ್ಕೇಲಿಟ್ಟು ಅಕ್ಷರದ ಎತ್ತರವನ್ನೇ ಅಳೆಯಬೇಕು.

ಎರಡು ಸಾಲಿನ ಶೀರ್ಷಿಕೆಯಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆಯೇ ನೋಡಿ. ಮೇಲೆ ‘ಶಾಸ್ತ್ರ’, ಅದರ ನೇರ ಕೆಳಗೆ ‘ಕಿರಣ’ ಬಂದರೆ ಘರ್ಷಣೆ ಖಚಿತ. ಸಾಲುಗಳನ್ನು ದೂರ ಸರಿಸಿದರೆ ಬಡಿತ ತಪ್ಪುತ್ತದೆ, ಆದರೆ ಶೀರ್ಷಿಕೆ ಎರಡು ತುಂಡಾದಂತೆ ಕಾಣಬಹುದು. ನುರಿತ ವಿನ್ಯಾಸಕಾರರು ಇನ್ನೊಂದು ದಾರಿ ಹಿಡಿಯುತ್ತಾರೆ: ಕೆಳಸಾಲನ್ನು ಎಡಕ್ಕೋ ಬಲಕ್ಕೋ ಸ್ವಲ್ಪ ಸರಿಸಿ, ಒತ್ತು ಇಳಿಯುವ ಕಡೆ ತಗ್ಗಾದ ಅಕ್ಷರ ಬರುವಂತೆ ಮಾಡುತ್ತಾರೆ. ಜನಜಂಗುಳಿಯ ಬಸ್ಸಿನಲ್ಲಿ ಮೊಣಕೈ ತಾಗದಂತೆ ಭುಜ ವಾರೆ ಮಾಡಿ ನಿಂತಂತೆ. ಇಂಥ ಶೀರ್ಷಿಕೆ ಕಂಡರೆ ಅದರ ಹಿಂದೆ ಯೋಚನೆಯಿದೆ ಎಂದು ತಿಳಿಯಬಹುದು.

ಅರ್ಕಾವೊತ್ತಿನದು ಬೇರೆ ಸಮಸ್ಯೆ. ‘ವರ್ಷ’, ‘ಧರ್ಮ’ ಎಂಬಲ್ಲಿ ರಕಾರದ ಗುರುತು ಅಕ್ಷರದ ಬಲಕ್ಕೆ ಬರುತ್ತದೆ. ಪದಗಳ ನಡುವೆ ಜಾಗ ಕಡಿಮೆಯಾದರೆ ಅದು ಮುಂದಿನ ಪದದ ತಲೆಗೆ ಅಂಟಿದಂತೆ ಕಾಣುತ್ತದೆ.

ಇನ್ನು ದಪ್ಪ ಮಾಡುವ ಚಟ. ಫಾಂಟಿನಲ್ಲಿ ದಪ್ಪ ರೂಪವೇ ಇಲ್ಲದಿದ್ದರೂ ಅಕ್ಷರದ ಸುತ್ತ ಗೆರೆ ಎಳೆದು ದಪ್ಪಗಾಣಿಸುತ್ತಾರೆ. ಕನ್ನಡದ ಅಕ್ಷರಗಳಲ್ಲಿ ಸಣ್ಣ ಸಣ್ಣ ಹೊಟ್ಟೆಗಳೂ ಸೀಳುಗಳೂ ತುಂಬ. ಅವು ಮುಚ್ಚಿಕೊಂಡರೆ ಅಕ್ಷರವೇ ಬದಲಾಗುತ್ತದೆ. ಧಕಾರಕ್ಕೂ ದಕಾರಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೀಟು. ಅದು ಮಸಿಯಲ್ಲಿ ಮುಳುಗಿದರೆ ‘ಧನ’ ಹೋಗಿ ‘ದನ’ ಬರುತ್ತದೆ. ಹೊಟ್ಟೆ ಸೀಳಿದ ಷಕಾರ ಹಾಗೆಯೇ ಪಕಾರವಾಗುತ್ತದೆ. ‘ಜ್ಞ’, ‘ಕ್ಷ್ಮ’, ‘ಣ್ಣ’ ಇರುವ ಶೀರ್ಷಿಕೆಗಳಲ್ಲಿ ಇದನ್ನು ತಪ್ಪದೆ ನೋಡಿ.

ಅಕ್ಷರಗಳ ನಡುವೆ ಅಂತರ ಹೆಚ್ಚಿಸುವುದೂ ಇಂಗ್ಲಿಷಿನಿಂದ ಬಂದ ಅಭ್ಯಾಸ. ‘ನುಡಿ’, ‘ಶ್ರೀಲಿಪಿ’ಯಂಥ ಹಳೆಯ, ಯುನಿಕೋಡ್ ಅಲ್ಲದ ಫಾಂಟುಗಳಲ್ಲಿ ಮೂಲ ಅಕ್ಷರ, ಒತ್ತು, ದೀರ್ಘ ಬೇರೆ ಬೇರೆ ತುಣುಕುಗಳಾಗಿರುತ್ತವೆ. ಅಂತರ ಹೆಚ್ಚಿಸಿದ ಕೂಡಲೇ ಒತ್ತು ತನ್ನ ಅಕ್ಷರ ಬಿಟ್ಟು ಪಕ್ಕಕ್ಕೆ ಜಾರುತ್ತದೆ, ದೀರ್ಘ ಒಂಟಿಯಾಗಿ ತೇಲುತ್ತದೆ. ಯುನಿಕೋಡ್ ಫಾಂಟಿನಲ್ಲಿ ಬೇರೆ ಬಗೆಯ ಅಪಾಯ. ಫೋಟೊಶಾಪ್, ಇನ್‌ಡಿಸೈನ್‌ಗಳಲ್ಲಿ ಭಾರತೀಯ ಲಿಪಿಗಳಿಗೆಂದು ಇರುವ ಆಯ್ಕೆಯನ್ನು ಆನ್ ಮಾಡದಿದ್ದರೆ ಒತ್ತಕ್ಷರ ಕೂಡಿಕೊಳ್ಳದೆ, ಅರ್ಧಾಕ್ಷರವೊಂದು ಪೂರ್ಣಾಕ್ಷರವೊಂದು ಪಕ್ಕಪಕ್ಕ ನಿಲ್ಲುತ್ತವೆ. ಕನ್ನಡ ಓದಲು ಬಾರದ ವಿನ್ಯಾಸಕಾರರ ಕೈಯಲ್ಲಿ ಈ ತಪ್ಪು ಅಚ್ಚಿನವರೆಗೂ ಹೋಗುತ್ತದೆ.

ಹಳೆಯ ಪುಸ್ತಕಗಳಿದ್ದರೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಆಗ ಕಲಾವಿದರು ಶೀರ್ಷಿಕೆಯನ್ನೂ ಕುಂಚದಿಂದ ಬರೆಯುತ್ತಿದ್ದರು. ಕೈಬರಹದ ಶೀರ್ಷಿಕೆಯಲ್ಲಿ ಒಂದೇ ಅಕ್ಷರ ಎರಡು ಸಲ ಬಂದರೆ ಎರಡೂ ತುಸು ಬೇರೆಯಾಗಿರುತ್ತವೆ, ಒತ್ತು ಜಾಗ ನೋಡಿಕೊಂಡು ಉದ್ದವೋ ಗಿಡ್ಡವೋ ಆಗುತ್ತದೆ, ಚಿತ್ರದ ಗೆರೆಯೂ ಅಕ್ಷರದ ಗೆರೆಯೂ ಒಂದೇ ಕೈಯಿಂದ ಬಂದದ್ದು ಎಂದು ಕಾಣುತ್ತದೆ. ಈಗಲೂ ಕನ್ನಡದ ಒಳ್ಳೆಯ ಮುಖಪುಟಗಳಲ್ಲಿ ಹಲವು ಶೀರ್ಷಿಕೆಯನ್ನು ಕೈಯಿಂದ ಬರೆಸಿದವೇ. ನೋಟೊ, ಬಲೂ ತಮ್ಮ, ತಿರೋ ಕನ್ನಡದಂಥ ಉಚಿತ ಯುನಿಕೋಡ್ ಫಾಂಟುಗಳು ಬಂದ ಮೇಲೆ ಆಯ್ಕೆ ಹೆಚ್ಚಿದೆ. ಆದರೆ ಶೀರ್ಷಿಕೆಗೆಂದೇ ಮಾಡಿದ ಕನ್ನಡ ಫಾಂಟುಗಳು ಇನ್ನೂ ಸಾಲವು. ಅದರಿಂದಾಗಿ ಮದುವೆ ಕರೆಯೋಲೆಯ ಮೇಲಿದ್ದ ಅಕ್ಷರವೇ ವಿಮರ್ಶಾ ಸಂಕಲನದ ಮೇಲೂ ಕೂರುತ್ತದೆ.

ಚಿತ್ರ: ವಾಚ್ಯವೋ ಧ್ವನಿಯೋ

ಚಿತ್ರವನ್ನು ತೂಗಲು ನಮ್ಮ ಕಾವ್ಯಮೀಮಾಂಸೆಯ ಎರಡು ಮಾತು ಸಾಕು. ಹೇಳಿದ್ದನ್ನೇ ಹೇಳುವುದು ವಾಚ್ಯ, ಹೇಳದೆ ಹೊಳೆಯಿಸುವುದು ಧ್ವನಿ. ಬರಗಾಲದ ಕಾದಂಬರಿಗೆ ಬಿರುಕುಬಿಟ್ಟ ನೆಲ ಹಾಕಿದರೆ ಅದು ವಾಚ್ಯ. ಬೋರಲು ಹಾಕಿಟ್ಟ ಒಂದು ಕೊಡ ಹಾಕಿದರೆ ಧ್ವನಿ. ವಾಚ್ಯವೆಲ್ಲ ಕೆಟ್ಟದ್ದಲ್ಲ. ಹಕ್ಕಿಗಳ ಕೈಪಿಡಿಗೆ ಹಕ್ಕಿಯ ಸ್ಪಷ್ಟ ಚಿತ್ರವೇ ಬೇಕು, ಅಡುಗೆ ಪುಸ್ತಕಕ್ಕೆ ಅಡುಗೆಯೇ. ಕಥೆ, ಕವಿತೆಗಳಿಗೆ ಬಂದಾಗ ಮಾತ್ರ, ಓದುಗರ ಊಹೆಗೆ ಬಿಡಬೇಕಾದ ಮುಖವನ್ನು ಮುಖಪುಟವೇ ತೋರಿಸಿಬಿಟ್ಟರೆ ನಷ್ಟ.

ಸವಕಲು ಚಿತ್ರ ಪತ್ತೆಮಾಡಲು ಒಂದು ಸುಲಭ ಉಪಾಯ: ಅಂಗೈಯಿಂದ ಶೀರ್ಷಿಕೆ ಮುಚ್ಚಿ. ಉಳಿದ ಚಿತ್ರ ಕಪಾಟಿನ ಇನ್ನೈದು ಪುಸ್ತಕಗಳಿಗೂ ಹೊಂದುತ್ತದೆಯೇ? ಹೊಂದುವುದಾದರೆ ಅದು ಈ ಪುಸ್ತಕದ ಚಿತ್ರವಲ್ಲ. ಕವನ ಸಂಕಲನಕ್ಕೆ ಮುಳುಗುವ ಸೂರ್ಯ ಮತ್ತು ಹಾರುವ ಹಕ್ಕಿ, ಮಹಿಳೆಯರ ಬರಹಕ್ಕೆ ಕೂದಲು ಹರಡಿದ ಅರ್ಧ ಮುಖ, ಹಳ್ಳಿಯ ಕಾದಂಬರಿಗೆ ಆಲದ ಮರ, ವಿಮರ್ಶೆಗೆ ಮಸಿಕುಡಿಕೆ ಮತ್ತು ಗರಿ, ಇತಿಹಾಸಕ್ಕೆ ಹಂಪಿಯ ಕಲ್ಲಿನ ರಥ. ಇವು ಸುಂದರವಾಗಿಯೇ ಇರಬಹುದು. ಸಾವಿರ ಸಲ ಬಳಸಿದ್ದರಿಂದ ಏನನ್ನೂ ಹೇಳದಾಗಿವೆ.

ಎಐ ಚಿತ್ರಗಳನ್ನು ನೋಡುವಾಗ ಕೈಬೆರಳಿನ ಎಣಿಕೆಯಷ್ಟೇ ಸಾಲದು. ಊರು, ಉಡುಗೆ, ಕಟ್ಟಡ ನೋಡಿ. ಮಲೆನಾಡಿನ ಮನೆ ಎಂದು ಕೇಳಿದರೆ ಹೆಂಚಿನ ಮಾಡಿನ ಮೇಲೆ ಇನ್ನಾವುದೋ ದೇಶದ ಹೊಗೆಗೂಡು ಬಂದಿರುತ್ತದೆ. ಸೀರೆಯ ಸೆರಗು ಎಲ್ಲಿಂದ ಶುರುವಾಯಿತು ಎಂದು ಹುಡುಕಿದರೆ ಸಿಗುವುದಿಲ್ಲ. ಹೊಯ್ಸಳ ಕಂಬದ ಮೇಲೆ ದ್ರಾವಿಡ ಗೋಪುರ ಕೂತಿರುತ್ತದೆ. ಬೆಳಕು ಮುಖಕ್ಕೆ ಎಡದಿಂದ, ಗೋಡೆಗೆ ಬಲದಿಂದ ಬಿದ್ದಿರುತ್ತದೆ. ಚಿತ್ರದೊಳಗೆ ಬೋರ್ಡಿದ್ದರೆ ಅದರ ಮೇಲಿನ ಕನ್ನಡ ಕನ್ನಡದಂತೆ ಕಾಣುವ ಗೀಚು. ಪ್ರದೇಶವೊಂದರ ಬದುಕನ್ನೇ ಬರೆದ ಪುಸ್ತಕದ ಮೇಲೆ ಇಂಥ ಎಲ್ಲಿಯೂ ಇಲ್ಲದ ಊರು ಕೂತರೆ, ಒಳಗಿನ ನೂರಾರು ಪುಟಗಳ ಶ್ರದ್ಧೆಗೆ ಹೊರಗಿನ ಒಂದು ಪುಟ ಮೋಸ ಮಾಡಿದಂತೆ. ಇದನ್ನು ಟೀಕಿಸುವಾಗ ಹಿಂಜರಿಯಬೇಕಾಗಿಲ್ಲ.

ಬಣ್ಣ ಅಚ್ಚಿಗೆ ಇಳಿದಾಗ

ಆಫ್‌ಸೆಟ್ ಎಂಬ ಈಗಿನ ಮುದ್ರಣ ವಿಧಾನ ಹರಡುವ ಮೊದಲು ಮುಖಪುಟವನ್ನು ಲೋಹದ ಬ್ಲಾಕ್ ಮಾಡಿಸಿ ಅಚ್ಚುಹಾಕುತ್ತಿದ್ದರು. ಒಂದೊಂದು ಬಣ್ಣಕ್ಕೂ ಒಂದೊಂದು ಬ್ಲಾಕ್, ಒಂದೊಂದು ಸಲದ ಅಚ್ಚು. ಬಣ್ಣ ಹೆಚ್ಚಿದಷ್ಟೂ ಖರ್ಚು ಹೆಚ್ಚುತ್ತಿದ್ದುದರಿಂದ ಎರಡೇ ಬಣ್ಣದಲ್ಲಿ ಕೆಲಸ ಮುಗಿಸುವ ಜಾಣ್ಮೆ ಬೆಳೆಯಿತು. ಹಳದಿಯ ಮೇಲೆ ನೀಲಿ ಬಿದ್ದ ಕಡೆ ಹಸಿರು ತಾನಾಗಿ ಬರುತ್ತದೆ, ಕಾಗದದ ಬಿಳಿ ಪುಕ್ಕಟೆ. ಎರಡು ಬ್ಲಾಕಿನಲ್ಲಿ ನಾಲ್ಕು ಬಣ್ಣ. ಕಪಾಟಿನ ಹಳೆಯ ಪುಸ್ತಕಗಳು ಸರಳವೂ ದಿಟ್ಟವೂ ಆಗಿ ಕಾಣುವುದಕ್ಕೆ ಈ ಬಿಗಿಯೂ ಒಂದು ಕಾರಣ.

ಈಗಿನ ಆಫ್‌ಸೆಟ್‌ನಲ್ಲಿ ನೀಲಿ, ಗುಲಾಬಿಗೆಂಪು, ಹಳದಿ, ಕಪ್ಪು ಎಂಬ ನಾಲ್ಕು ಮಸಿಗಳ ಸಣ್ಣ ಚುಕ್ಕೆಗಳು ಸೇರಿ ಎಲ್ಲ ಬಣ್ಣ ಕಾಣಿಸುತ್ತವೆ. ಫೋನಿನ ಕ್ಯಾಮೆರಾವನ್ನು ಹತ್ತಿರ ಹಿಡಿದು ಹಿಗ್ಗಿಸಿದರೆ ಚುಕ್ಕೆಗಳು ಕಾಣುತ್ತವೆ. ಕಂಪ್ಯೂಟರ್ ಪರದೆ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಕಾಗದ ಮಸಿಯಿಂದ. ಪರದೆಯಲ್ಲಿ ಮಿಂಚುವ ಗಿಳಿಹಸಿರು, ಮಿಂಚುನೀಲಿ ಕಾಗದಕ್ಕೆ ಬಂದಾಗ ಮಂಕಾಗುವುದು ಅದಕ್ಕೇ. ಲೇಖಕರು ಫೇಸ್‌ಬುಕ್ಕಿನಲ್ಲಿ ಒಪ್ಪಿದ ಬಣ್ಣ ಪುಸ್ತಕದಲ್ಲಿ ಸಿಗಲಿಲ್ಲ ಎಂಬ ದೂರಿನ ಮೂಲವೂ ಇದೇ. ಪ್ರೆಸ್ಸಿನಿಂದ ಕಾಗದದ ಮೇಲಿನ ಪ್ರೂಫ್ ತರಿಸಿ ನೋಡುವುದೊಂದೇ ದಾರಿ.

ನಾಲ್ಕು ಮಸಿಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರದೆ ಕೂದಲೆಳೆಯಷ್ಟು ಜರುಗಿದರೂ ಅಕ್ಷರದ ಅಂಚಿನಲ್ಲಿ ಬಣ್ಣದ ನೆರಳು ಹಣಕುತ್ತದೆ. ಗಾಢ ಹಿನ್ನೆಲೆಯ ಮೇಲೆ ಬಿಳಿಯಾಗಿ ಬಿಟ್ಟ ಸಣ್ಣ ಕನ್ನಡ ಅಕ್ಷರಕ್ಕೆ ಇದರ ಹೊಡೆತ ಜೋರು, ತೆಳುವಾದ ಒತ್ತುಗಳು ಮಸಿಯಲ್ಲಿ ಮುಚ್ಚಿಹೋಗುತ್ತವೆ. ಸಣ್ಣ ಅಕ್ಷರ ಕಪ್ಪಿದ್ದರೆ ಅದನ್ನು ಕಪ್ಪು ಮಸಿಯೊಂದರಲ್ಲೇ ಅಚ್ಚುಹಾಕಬೇಕು, ನಾಲ್ಕೂ ಮಸಿ ಬೆರೆಸಬಾರದು.

ಚಿತ್ರ ಮಸುಕಾಗಿದ್ದರೆ ಲೆಕ್ಕ ಹಾಕಿ. ಅಚ್ಚಿಗೆ ಇಂಚಿಗೆ 300 ಪಿಕ್ಸೆಲ್, ಎಂದರೆ ಡಿಜಿಟಲ್ ಚಿತ್ರದ ಚುಕ್ಕೆ, ಬೇಕು. 5.5 ಇಂಚು ಅಗಲದ ಮುಂದಿನ ಪುಟ ತುಂಬಲು 1650 ಪಿಕ್ಸೆಲ್, 8.5 ಇಂಚಿನ ಎತ್ತರಕ್ಕೆ 2550. ಎಐ ಸಾಧನ ಕೊಟ್ಟ 1024 ಪಿಕ್ಸೆಲ್ ಅಗಲದ ಚಿತ್ರವನ್ನು ಅಷ್ಟಕ್ಕೆ ಹಿಗ್ಗಿಸಿದರೆ ಇಂಚಿಗೆ ಸಿಗುವುದು 186 ಮಾತ್ರ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದ ಚಿತ್ರ ದಾರಿಯಲ್ಲೇ ಕುಗ್ಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಬೇಕಿತ್ತು ಎಂದು ಪುಸ್ತಕ ಬಂದ ಮೇಲೆ ಗೊತ್ತಾಗುತ್ತದೆ.

ಬೆನ್ನು: ಕಪಾಟಿನಲ್ಲಿ ಕಾಣುವುದು ಇದೊಂದೇ

ಪುಸ್ತಕ ತನ್ನ ಆಯಸ್ಸಿನ ಹೆಚ್ಚು ಕಾಲ ಬೆನ್ನು ತೋರಿಸಿಯೇ ನಿಂತಿರುತ್ತದೆ. ಆದರೂ ಕನ್ನಡ ಪುಸ್ತಕಗಳಲ್ಲಿ ಅತಿ ಕಡಿಮೆ ಆರೈಕೆ ಸಿಗುವುದು ಬೆನ್ನಿಗೆ.

ದಪ್ಪದ ಲೆಕ್ಕ ಹೀಗೆ. 70 ಜಿಎಸ್‌ಎಂ ಮ್ಯಾಪ್‌ಲಿಥೊ ಎಲೆಯೊಂದು ಸುಮಾರು 0.09 ಮಿ.ಮೀ. ದಪ್ಪ. 240 ಪುಟ ಎಂದರೆ 120 ಎಲೆ, 10.8 ಮಿ.ಮೀ. ಮುಖಪುಟದ ಎರಡು ಬದಿಗೆ 0.6 ಸೇರಿಸಿದರೆ 11.4. ಕೊನೆಗಳಿಗೆಯಲ್ಲಿ ಮುನ್ನುಡಿಗೆಂದು 16 ಪುಟ ಸೇರಿದರೆ ಮುಕ್ಕಾಲು ಮಿ.ಮೀ. ಹೆಚ್ಚುತ್ತದೆ. ಬೆನ್ನಿಗೆ ಬೇರೆ ಬಣ್ಣದ ಪಟ್ಟಿ ಕೊಟ್ಟಿದ್ದರೆ ಆ ಪಟ್ಟಿ ಸಾಲದೆ ಮುಂದಿನ ಪುಟದ ಬಣ್ಣ ಮಡಿಕೆ ದಾಟಿ ಬೆನ್ನಿಗೆ ಹಣಕುತ್ತದೆ. ಮಡಿಕೆಯೂ ಪ್ರತಿಯಿಂದ ಪ್ರತಿಗೆ ತುಸು ಜರುಗುತ್ತದೆ. ಆದ್ದರಿಂದ ಮುಂದಿನ ಪುಟದ ಬಣ್ಣವನ್ನೇ ಬೆನ್ನಿನ ಮೇಲೂ ಹರಿಸುವುದು ಕ್ಷೇಮ, ಬೆನ್ನಿನ ಅಕ್ಷರಕ್ಕೆ ಎರಡೂ ಬದಿಯಲ್ಲಿ 1.5 ಮಿ.ಮೀ. ಖಾಲಿ ಬಿಡಬೇಕು. 11.4 ಮಿ.ಮೀ. ಬೆನ್ನಿನಲ್ಲಿ ಗುಡಿಸು, ಒತ್ತು ಎಲ್ಲ ಸೇರಿ ಅಕ್ಷರಕ್ಕೆ ಸಿಗುವುದು 8 ಮಿ.ಮೀ. ಚಿಲ್ಲರೆ. 96 ಪುಟದ ಕವನ ಸಂಕಲನದ ಬೆನ್ನು 5 ಮಿ.ಮೀ. ಅಲ್ಲಿ ಒತ್ತಕ್ಷರವಿರುವ ಶೀರ್ಷಿಕೆ ತುರುಕುವುದಕ್ಕಿಂತ ಖಾಲಿ ಬಿಡುವುದೇ ಲೇಸು.

ಬೆನ್ನಿನ ಅಕ್ಷರ ಮೇಲಿಂದ ಕೆಳಕ್ಕೆ ಓದುವಂತಿದ್ದರೆ, ಪುಸ್ತಕವನ್ನು ಮುಖ ಮೇಲಾಗಿ ಮೇಜಿನ ಮೇಲಿಟ್ಟಾಗ ಬೆನ್ನೂ ನೇರವಾಗಿ ಓದಿಸಿಕೊಳ್ಳುತ್ತದೆ. ಇಂಗ್ಲಿಷ್ ಪುಸ್ತಕಗಳ ರೂಢಿ ಇದು. ಫ್ರಾನ್ಸಿನಲ್ಲಿ ಕೆಳಗಿಂದ ಮೇಲಕ್ಕೆ ಬರೆಯುವ ರೂಢಿಯಿದೆ. ಯಾವುದಾದರೂ ಸರಿಯೇ, ಒಂದೇ ಪ್ರಕಾಶನದ ಪುಸ್ತಕಗಳಲ್ಲಿ ಒಂದೊಂದು ಒಂದೊಂದು ಕಡೆಗಿದ್ದರೆ ಓದುಗರ ಕತ್ತಿಗೆ ಶಿಕ್ಷೆ.

ಕಿಟಕಿಯ ಬಳಿಯ ಕಪಾಟಿನಲ್ಲಿ ನೀಲಿಗಟ್ಟಿದ ಬೆನ್ನುಗಳನ್ನು ನೋಡಿರುತ್ತೀರಿ. ಬಿಸಿಲಿಗೆ ಹಳದಿ, ಗುಲಾಬಿಗೆಂಪು ಮಸಿಗಳು ಮೊದಲು ಮಾಸುತ್ತವೆ. ನೀಲಿ, ಕಪ್ಪು ಉಳಿಯುತ್ತವೆ. ಬಿಳಿ ಬೆನ್ನಿನ ಮೇಲೆ ಕೆಂಪಕ್ಷರದ ಶೀರ್ಷಿಕೆ ಕೆಲವು ವರ್ಷಗಳಲ್ಲಿ ಇಲ್ಲವಾಗುವುದು ಇದರಿಂದ.

ಹಿಂದಿನ ಪುಟ

ಇಲ್ಲಿ ಬೆನ್ನುಡಿ, ಲೇಖಕರ ಫೋಟೊ, ಬೆಲೆ, ಬಾರ್‌ಕೋಡ್ ಇರುತ್ತವೆ. ಬೆನ್ನುಡಿ ನೂರು ನೂರಿಪ್ಪತ್ತು ಪದ ದಾಟಿದರೆ ಅಕ್ಷರ ಸಣ್ಣದಾಗಲೇಬೇಕು. ಗಾಢ ಬಣ್ಣದ ಮೇಲೆ ಬಿಳಿ ಅಕ್ಷರದಲ್ಲಿ ಮುನ್ನೂರು ಪದ ತುಂಬಿದ ಬೆನ್ನುಡಿಯನ್ನು, ಅದನ್ನು ಬರೆದವರು ಎಷ್ಟೇ ದೊಡ್ಡವರಾಗಿರಲಿ, ಅಂಗಡಿಯಲ್ಲಿ ನಿಂತು ಯಾರೂ ಓದುವುದಿಲ್ಲ.

ಬಾರ್‌ಕೋಡಿನಲ್ಲಿರುವುದು ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆ. 2007ರಿಂದ ಅದು 13 ಅಂಕಿಯದು, ಭಾರತದ ಪುಸ್ತಕಗಳಲ್ಲಿ 978-81 ಅಥವಾ 978-93 ಎಂದು ಶುರುವಾಗುತ್ತದೆ. ಬಾರ್‌ಕೋಡಿನ ಪೂರ್ಣ ಗಾತ್ರ 37.29 x 25.93 ಮಿ.ಮೀ. ಶೇ 80ಕ್ಕಿಂತ ಕುಗ್ಗಿಸುವಂತಿಲ್ಲ, ಎಂದರೆ ಅಗಲ 30 ಮಿ.ಮೀ.ನಷ್ಟಾದರೂ ಬೇಕು. ಗೀಟುಗಳ ಎರಡೂ ಬದಿ ಖಾಲಿ ಜಾಗ ಬಿಡದಿದ್ದರೆ ಯಂತ್ರಕ್ಕೆ ಎಲ್ಲಿ ಶುರು ಎಲ್ಲಿ ಕೊನೆ ತಿಳಿಯದು. ಚಂದ ಕಾಣಲೆಂದು ಗೀಟುಗಳನ್ನು ಕೆಂಪು ಮಾಡಿದರೆ ಓದಲು ಬರುವುದೇ ಇಲ್ಲ. ಓದುವ ಯಂತ್ರ ಕೆಂಪು ಬೆಳಕು ಬಿಡುವುದರಿಂದ ಕೆಂಪು ಗೀಟು ಅದಕ್ಕೆ ಬಿಳಿಯಂತೆಯೇ.

ಮುಟ್ಟಿ ನೋಡಬೇಕಾದದ್ದು

ಮುಖಪುಟದ ಮೇಲಿನ ತೆಳು ಪ್ಲಾಸ್ಟಿಕ್ ಪದರವೇ ಲ್ಯಾಮಿನೇಷನ್. ಹೊಳೆಯುವುದು ಗ್ಲಾಸಿ, ಮಂದವಾದದ್ದು ಮ್ಯಾಟ್. ಗ್ಲಾಸಿಯಲ್ಲಿ ಬಣ್ಣ ಗಾಢವಾಗಿ ಕಂಡರೂ ದೀಪದ ಪ್ರತಿಬಿಂಬ ಬಿದ್ದು ಓದಲು ತೊಡಕು. ಮ್ಯಾಟ್ ಕಣ್ಣಿಗೆ ಹಿತ, ಆದರೆ ಕಪ್ಪು, ಕಡುನೀಲಿ ಮುಖಪುಟಕ್ಕೆ ಹಾಕಿದರೆ ಬೆರಳಿನ ಜಿಡ್ಡು, ಉಜ್ಜಿದ ಗೆರೆ ಎಲ್ಲ ಕಾಣುತ್ತವೆ.

ಮಳೆಗಾಲದಲ್ಲಿ ಪೇಪರ್‌ಬ್ಯಾಕಿನ ಮುಂದಿನ ಪುಟ ಹೊರಕ್ಕೆ ಸುರುಳಿಕೊಳ್ಳುವುದನ್ನು ಕರಾವಳಿ, ಮಲೆನಾಡಿನವರು ಬಲ್ಲರು. ಹೊರಮೈ ಪ್ಲಾಸ್ಟಿಕ್ಕಿನಿಂದ ಮುಚ್ಚಿದೆ, ಒಳಮೈ ಬರಿಯ ಕಾಗದ. ಒಳಮೈ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಹೊರಮೈ ಹಿಗ್ಗದು, ಆದ್ದರಿಂದ ಹೊರಕ್ಕೆ ಬಾಗುತ್ತದೆ. ಕಾಗದದ ನಾರು ಬೆನ್ನಿಗೆ ಸಮಾನಾಂತರವಾಗಿರದೆ ಅಡ್ಡಲಾಗಿದ್ದರೆ ಪುಸ್ತಕ ಬಿಗಿಯಾಗಿ ತೆರೆಯುತ್ತದೆ, ಮಡಿಕೆಯಲ್ಲಿ ಬಣ್ಣ ಒಡೆದು ಬಿಳಿ ಗೆರೆ ಮೂಡುತ್ತದೆ. ಇದು ಕಾಗದ ಕತ್ತರಿಸುವಾಗಿನ ತಪ್ಪು, ಕಲಾವಿದರದಲ್ಲ.

ಸರಣಿಯ ಪುಸ್ತಕಗಳು

ಒಂದೇ ಮಾಲೆಯ ಪುಸ್ತಕಗಳನ್ನು ಒಂದೊಂದಾಗಿ ಅಲ್ಲ, ಸಾಲಾಗಿ ನಿಲ್ಲಿಸಿ ನೋಡಬೇಕು. ಇದಕ್ಕೆ ಪ್ರಸಿದ್ಧ ಮಾದರಿ 1935ರಲ್ಲಿ ಇಂಗ್ಲೆಂಡಿನಲ್ಲಿ ಅಲೆನ್ ಲೇನ್ ಶುರುಮಾಡಿದ ಪೆಂಗ್ವಿನ್ ಪೇಪರ್‌ಬ್ಯಾಕ್‌ಗಳು. ಮೂರು ಅಡ್ಡಪಟ್ಟಿ, ನಡುವಿನ ಬಿಳಿ ಪಟ್ಟಿಯಲ್ಲಿ ಶೀರ್ಷಿಕೆ, ಚಿತ್ರವಿಲ್ಲ. ಕಾದಂಬರಿಗೆ ಕಿತ್ತಳೆ, ಪತ್ತೇದಾರಿಗೆ ಹಸಿರು, ಜೀವನಚರಿತ್ರೆಗೆ ಕಡುನೀಲಿ. 1947ರಲ್ಲಿ ಅಲ್ಲಿಗೆ ಬಂದ ಅಕ್ಷರವಿನ್ಯಾಸಕಾರ ಯಾನ್ ಚಿಕೋಲ್ಡ್ ಪಟ್ಟಿಗಳನ್ನು ಉಳಿಸಿಕೊಂಡೇ ಅಕ್ಷರ, ಅಂತರಗಳನ್ನು ತಿದ್ದಿ, ಎಲ್ಲ ಪುಸ್ತಕಗಳಿಗೂ ಅನ್ವಯಿಸುವ ಅಕ್ಷರಜೋಡಣೆಯ ನಿಯಮ ಬರೆದಿಟ್ಟರು. ಮಾಲೆಯೊಂದರಲ್ಲಿ ಬದಲಾಗದೆ ಇರುವುದು ಯಾವುದು, ಬದಲಾಗುವುದು ಯಾವುದು ಎಂದು ಒಂದು ನೋಟಕ್ಕೆ ತಿಳಿಯಬೇಕು. ಐದನೇ ಸಂಪುಟಕ್ಕೆ ಬರುವ ಹೊತ್ತಿಗೆ ಪ್ರಕಾಶನದ ಚಿಹ್ನೆಯ ಜಾಗ, ಸಂಪುಟ ಸಂಖ್ಯೆಯ ಜಾಗ ಬದಲಾಗಿದ್ದರೆ ಮಾಲೆ ಹರಿದಂತೆ.

ಟಿಪ್ಪಣಿ ಬರೆಯುವಾಗ

‘ಮುಖಪುಟ ಆಕರ್ಷಕವಾಗಿಲ್ಲ’ ಎಂದರೆ ಯಾರಿಗೂ ಉಪಯೋಗವಿಲ್ಲ. ಕಂಡದ್ದು, ಅದರ ಪರಿಣಾಮ, ಆಗಬಹುದಾದ ತಿದ್ದುಪಡಿ ಈ ಮೂರೂ ಇರಲಿ. ಹೀಗೆ: ‘ಶೀರ್ಷಿಕೆ ಚಿತ್ರದ ಮರದ ಕೊಂಬೆಗಳ ಮೇಲೆ ಬಂದಿದೆ. ಕಂದು ಅಕ್ಷರ, ಕಂದು ಕೊಂಬೆ ಬೆರೆತು ಒತ್ತುಗಳು ಕಾಣುವುದಿಲ್ಲ. ಮೇಲಿನ ಖಾಲಿ ಆಕಾಶಕ್ಕೆ ಸರಿಸಿದರೆ ಬಣ್ಣ ಬದಲಿಸದೆಯೂ ಓದಬಹುದು.’ ಇದನ್ನು ಓದಿದ ವಿನ್ಯಾಸಕಾರರು ಐದು ನಿಮಿಷದಲ್ಲಿ ತಿದ್ದಬಲ್ಲರು.

ತಪ್ಪು ಯಾರದು ಎಂಬುದನ್ನೂ ಬೇರ್ಪಡಿಸಿ. ಗೆರೆ ದುರ್ಬಲವಾಗಿದ್ದರೆ ಕಲಾವಿದರಿಗೆ ಹೇಳಿ, ಅಕ್ಷರ ಮತ್ತು ಜಾಗದ ಮಾತಾದರೆ ವಿನ್ಯಾಸಕಾರರಿಗೆ. ಮಸಿ ಜರುಗಿದ್ದು ಪ್ರೆಸ್ಸಿನದು, ವಾರೆಯಾಗಿ ಕತ್ತರಿಸಿದ್ದು, ಅಂಟು ಬಿಟ್ಟದ್ದು ಬೈಂಡರದು. ಐದು ಹೆಸರು, ಮೂರು ಲಾಂಛನ ತುಂಬಿಸಿದ್ದು ಬಹುಪಾಲು ಪ್ರಕಾಶಕರ ಇಲ್ಲವೇ ಸಂಸ್ಥೆಯ ಒತ್ತಾಯ. ಒಂದೇ ಪ್ರತಿಯಲ್ಲಿ ಕಂಡ ಅಚ್ಚಿನ ದೋಷವನ್ನು ಇನ್ನೊಂದು ಪ್ರತಿ ನೋಡದೆ ಬರೆಯಬೇಡಿ, ಸಾವಿರದಲ್ಲಿ ಹತ್ತು ಪ್ರತಿ ಮಾತ್ರ ಹಾಗೆ ಬಂದಿರಬಹುದು.

ಟಿಪ್ಪಣಿಯನ್ನು ಪ್ರಕಾಶಕರಿಗೆ ಎರಡನೇ ಮುದ್ರಣಕ್ಕೆ ಮೊದಲೇ ಕಳಿಸಿದರೆ ಹೆಚ್ಚು ಫಲ. ಆಗ ಹೇಗೂ ಮುದ್ರಣದ ಸಂಖ್ಯೆ, ವರ್ಷ, ಬೆಲೆ ಬದಲಿಸಲು ಕಡತ ತೆರೆಯುತ್ತಾರೆ. ಶೀರ್ಷಿಕೆ ಸರಿಸುವುದು, ಬಾರ್‌ಕೋಡ್ ಕಪ್ಪು ಮಾಡುವುದು, ಬೆನ್ನುಡಿ ಮೊಟಕುಗೊಳಿಸುವುದಕ್ಕೆ ಬೇರೆ ಖರ್ಚಿಲ್ಲ. ಒಳಗಿನ ಕಾಗದ 70ರಿಂದ 80 ಜಿಎಸ್‌ಎಂಗೆ ಬದಲಾಗಿದ್ದರೆ ಮಾತ್ರ ಬೆನ್ನಿನ ಅಳತೆಯನ್ನು ಹೊಸದಾಗಿ ಲೆಕ್ಕ ಹಾಕಲೇಬೇಕು. ಹಳೆಯ ಕಡತವನ್ನೇ ಪ್ರೆಸ್ಸಿಗೆ ಕಳಿಸಿದರೆ ಶೀರ್ಷಿಕೆ ಬೆನ್ನಿನ ನಡುವಿನಿಂದ ಜಾರಿ ಒಂದು ಅಂಚಿನ ಕಡೆಗೆ ಸರಿಯುತ್ತದೆ.